ಹೇಳಿದ್ದೇನೋ ಹೇಳಿದೆವು, ತಲುಪಿತಾ? ತೋಟ, ಮನೆ, ಆಸ್ಪತ್ರೆಯಲ್ಲಿ ನಮ್ಮ ಮಾತು ಎಲ್ಲಿ ಕೈಕೊಡುತ್ತದೆ

ಕಾಫಿಹೂ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತುಂಬಾ ದಿನದಿಂದ ತಲೆ ಕೊರೆಯುತ್ತಿದೆ, ಇವತ್ತು ಬರೆದೇ ಬಿಡುತ್ತೇನೆ.

ನಮ್ಮ ಕೊಡಗಿನಲ್ಲಿ ಮನೆಗಳು ಬಯಲುಸೀಮೆಯ ಊರುಗಳ ಹಾಗೆ ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದು ಮನೆ ಇಲ್ಲಿ, ಇನ್ನೊಂದು ಗದ್ದೆ ದಾಟಿ ಆಚೆ ಬಾಣೆಯಲ್ಲಿ. ಫೋನ್ ಇಲ್ಲದ ಕಾಲದಲ್ಲಿ ಕೊಡವ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಿದ್ದರು. ಎರಡು ಗುಂಡು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಿದ್ದರು. ಹಾರಿಸಿದವರಿಗೂ ಕೇಳಿದವರಿಗೂ ಅದರ ಅರ್ಥ ಒಂದೇ ಆಗಿತ್ತು, ಅದಕ್ಕೇ ಅಷ್ಟು ಸಾಕಿತ್ತು.

ಈಗ ಎಲ್ಲರ ಕೈಯಲ್ಲೂ ಫೋನ್ ಇದೆ, ಮನೆಗೊಂದು ವಾಟ್ಸಾಪ್ ಗುಂಪು ಇದೆ. ಆದರೂ ಮಾತು ತಲುಪುತ್ತಿಲ್ಲ. ಈ ಸಲ ಕಾಫಿ ಕುಯ್ಲಿನ ಹೊತ್ತಿಗೆ ನಮ್ಮ ಹತ್ತಿರದ ಒಂದು ತೋಟದಲ್ಲಿ ಆದದ್ದು ಕೇಳಿ. ಯಜಮಾನರು ರಾತ್ರಿ ಮೇಸ್ತ್ರಿಗೆ "ನಾಳೆ ಕೆಳಗೆ ಕುಯ್ಲು ಬೇಡ" ಅಂತ ಮೆಸೇಜ್ ಹಾಕಿದರು. ಅವರ ಮನಸ್ಸಿನಲ್ಲಿದ್ದದ್ದು, ಕೆಳಗಿನ ಬ್ಲಾಕ್ ಬಿಟ್ಟು ಮೇಲಿನ ಬ್ಲಾಕಿಗೆ ಹೋಗಲಿ ಅಂತ. ಮೇಸ್ತ್ರಿ ಆ ವಾರವೆಲ್ಲ ಕೆಳಗೇ ಕುಯ್ಯಿಸುತ್ತಿದ್ದರು, ಹಾಗಾಗಿ ಅವರಿಗೆ ತಿಳಿದದ್ದು ನಾಳೆ ಕುಯ್ಲೇ ಇಲ್ಲ ಅಂತ. ಬೆಳಿಗ್ಗೆ ಜನ ತುಂಬಿಕೊಂಡು ಬರಬೇಕಾದ ಜೀಪ್ ಬೇರೆ ತೋಟಕ್ಕೆ ಹೋಯಿತು. ಹಣ್ಣಾದ ರೋಬಸ್ಟಾ ಕಾಫಿ ಗಿಡದಲ್ಲೇ ಉಳಿಯಿತು. ಹತ್ತು ಗಂಟೆಗೆ ಇಬ್ಬರೂ ಫೋನಿನಲ್ಲಿ ಕೂಗಾಡಿಕೊಂಡರು, ಈಗಲೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಇಬ್ಬರೂ ಸುಳ್ಳು ಹೇಳಿಲ್ಲ, ಇಬ್ಬರೂ ಕೆಲಸದಲ್ಲಿ ಚುರುಕು.

ನನಗೆ ಅನಿಸುವುದು ಇಷ್ಟು. ನಾವು ಹೇಳಿ ಮುಗಿಸಿದ ಕೂಡಲೇ ನಮ್ಮ ಜವಾಬ್ದಾರಿ ಮುಗೀತು ಅಂದುಕೊಳ್ಳುತ್ತೇವೆ. ಎದುರಿನವರು ಏನು ತಿಳಿದುಕೊಂಡರು ಅಂತ ನೋಡುವುದೇ ಇಲ್ಲ. ಹಾಳಾಗುವುದು ಅಲ್ಲೇ. ನಿಮ್ಮ ಕೆಲಸದಲ್ಲಿ, ಮನೆಯಲ್ಲಿ ಇದು ಎಲ್ಲಿ ಆಗುತ್ತದೆ, ಅದಕ್ಕೆ ನೀವು ಏನು ದಾರಿ ಕಂಡುಕೊಂಡಿದ್ದೀರಿ? ದಯವಿಟ್ಟು ಬರೆಯಿರಿ. ಸುಮ್ನೆ ಉಪದೇಶ ಬೇಡ, ನಿಜವಾಗಿ ಮಾಡುತ್ತಿರುವುದು ಹೇಳಿ.

ಹಳೇ ಸಿಗ್ನಲ್ಸ್, ವಿರಾಜಪೇಟೆ

ತಂಗಿ, ಒಳ್ಳೆ ವಿಷಯ ಎತ್ತಿದ್ದೀರಿ. ನಾನು ಸೈನ್ಯದಲ್ಲಿ ಸಿಗ್ನಲ್ಸ್‌ನಲ್ಲಿ, ಅಂದರೆ ರೇಡಿಯೋ, ಸಂದೇಶ ನೋಡಿಕೊಳ್ಳುವ ವಿಭಾಗದಲ್ಲಿದ್ದವನು. ನಮಗೆ ಮೊದಲು ಕಲಿಸಿದ್ದೇ ಇದು. ಸಂದೇಶ ಕಳಿಸಿದವನ ಕೆಲಸ ಕಳಿಸಿದ ಕೂಡಲೇ ಮುಗಿಯುವುದಿಲ್ಲ. ಆಚೆಯವನು ಅದನ್ನು ತಿರುಗಿ ಹೇಳಬೇಕು, ಹೇಳಿದ್ದು ಸರಿಯಾಗಿದೆಯಾ ಅಂತ ಕಳಿಸಿದವನು ಕೇಳಬೇಕು, ತಪ್ಪಿದ್ದರೆ ಅಲ್ಲೇ ತಿದ್ದಬೇಕು. ರೇಡಿಯೋದಲ್ಲಿ ಗರಗರ ಸದ್ದಿನ ನಡುವೆ ಅರ್ಧ ಮಾತು ನುಂಗಿಹೋಗುತ್ತದೆ, ಉಳಿದ ಅರ್ಧವನ್ನು ಮನಸ್ಸು ತನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತದೆ. ನಮ್ಮ ಮಳೆಗಾಲದ ಫೋನ್ ಕರೆಯೂ ಹಾಗೇ ಅಲ್ವಾ?

ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಬೇಕಾದರೆ 1977ರ ಮಾರ್ಚ್ 27 ನೆನಪು ಮಾಡಿಕೊಳ್ಳಿ. ಸ್ಪೇನ್ ದೇಶದ ಟೆನೆರಿಫ್ ದ್ವೀಪ. ವಿಮಾನ ನಿಲ್ದಾಣದಲ್ಲಿ ಮಂಜು. ಎರಡು ಬೋಯಿಂಗ್ 747 ಒಂದೇ ರನ್‌ವೇ ಮೇಲೆ. ಒಂದು ವಿಮಾನಕ್ಕೆ ಮೇಲೇರಿದ ಮೇಲೆ ಯಾವ ದಾರಿ ಹಿಡಿಯಬೇಕು ಅಂತ ಮಾತ್ರ ಹೇಳಿದ್ದರು. ಅದರ ಪೈಲಟ್ ಹೊರಡಲು ಅನುಮತಿಯೇ ಸಿಕ್ಕಿತು ಅಂದುಕೊಂಡ. ಟವರ್‌ನವರು "ಓಕೆ" ಅಂದು, ಆಮೇಲೆ ಸ್ವಲ್ಪ ಕಾಯಿರಿ ಅಂದರು. ಅದೇ ಕ್ಷಣಕ್ಕೆ ಇನ್ನೊಂದು ವಿಮಾನದವರು "ನಾವಿನ್ನೂ ರನ್‌ವೇ ಮೇಲೇ ಇದ್ದೇವೆ" ಅಂದರು. ಎರಡು ಮಾತು ಒಟ್ಟಿಗೆ ಬಿದ್ದು ಆ ಪೈಲಟ್‌ಗೆ ಕೇಳಿಸಿದ್ದು "ಓಕೆ" ಮತ್ತು ಒಂದು ಕೀರಲು ಸದ್ದು. 583 ಜನ ಸತ್ತರು. ಅದರ ನಂತರ ವಿಮಾನಗಳಲ್ಲಿ ಯಾವ ಮಾತು ಯಾವಾಗ ಬಳಸಬೇಕು, ಏನನ್ನು ತಿರುಗಿ ಹೇಳಲೇಬೇಕು ಅನ್ನುವುದನ್ನು ಬಿಗಿ ಮಾಡಿದರು.

ನಮ್ಮ ಮನೆಯಲ್ಲಿ ಮಾಡುವುದು ಹೇಳುತ್ತೇನೆ. ಗೋಣಿಕೊಪ್ಪದ ಅಂಗಡಿಗೆ ಫೋನ್ ಮಾಡಿ ಗೊಬ್ಬರ ಹೇಳಿದರೆ ಕಡೆಗೆ "ಈಗ ಬರೆದುಕೊಂಡದ್ದು ಒಂದ್ಸಲ ಓದಿ" ಅನ್ನುತ್ತೇನೆ. ಸಂಖ್ಯೆ ಬಂದರೆ ಬಿಡಿಬಿಡಿಯಾಗಿ ಹೇಳುತ್ತೇನೆ. ಎಂಬತ್ತು, ತೊಂಬತ್ತು ಫೋನಿನಲ್ಲಿ ಒಂದೇ ತರ ಕೇಳುತ್ತವೆ. "ಎಂಟು ಸೊನ್ನೆ" ಅಂದರೆ ಗೊಂದಲ ಇಲ್ಲ. ಮೊದಮೊದಲು ಅಂಗಡಿಯವರಿಗೆ ಕಿರಿಕಿರಿ ಆಗಿತ್ತು. ಈಗ ನಾನು ಕೇಳುವ ಮೊದಲೇ ಓದುತ್ತಾರೆ.

ಗದ್ದೆಬದು, ನಾಪೋಕ್ಲು

ಸರ್, ಸೈನ್ಯಕ್ಕೆ ಸರಿ, ವಿಮಾನಕ್ಕೂ ಸರಿ. ಮನೆಯಲ್ಲಿ "ನಾನು ಹೇಳಿದ್ದು ತಿರುಗಿ ಹೇಳು" ಅಂದರೆ ಆ ದಿನ ಊಟ ಸಿಗಲ್ಲ. ಹಿರಿಯರಿಗಂತೂ ಅನ್ನೋಕೇ ಆಗಲ್ಲ. ಅವರನ್ನು ಪರೀಕ್ಷೆ ಮಾಡಿದ ಹಾಗಾಗುತ್ತೆ. ನಮ್ಮ ಕಡೆ ಮರ್ಯಾದೆ ಅನ್ನೋದು ಒಂದಿದೆ. ಇದಕ್ಕೇನು ದಾರಿ?

ಸಿಸ್ಟರ್ ಅಕ್ಕ, ಸೋಮವಾರಪೇಟೆ ತಾಲ್ಲೂಕು

ನಾಪೋಕ್ಲಿನವರು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ನರ್ಸ್. ದಿನಾ ಎದುರಿಸುವ ವಿಷಯ ಇದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

"ಗೊತ್ತಾಯ್ತಾ?" ಅಂತ ಕೇಳಬೇಡಿ. ಆ ಪ್ರಶ್ನೆಗೆ ಬರುವ ಉತ್ತರ ಯಾವಾಗಲೂ "ಹ್ಞೂಂ". ಗೊತ್ತಾಗದಿದ್ದರೂ "ಹ್ಞೂಂ" ಅಂತಲೇ. ನಾಚಿಕೆ, ಹೆದರಿಕೆ, ಹಿಂದೆ ಸಾಲಿನಲ್ಲಿ ನಿಂತವರು ಬೈದುಕೊಳ್ಳುತ್ತಾರೆ ಅನ್ನುವ ಸಂಕೋಚ, ಎಲ್ಲ ಸೇರಿ ತಲೆ ಆಡಿಸಿಬಿಡುತ್ತಾರೆ. ನಾನು ಕೇಳುವುದು ಹೀಗೆ: "ಅಜ್ಜಿ, ನಾನು ಸರಿಯಾಗಿ ಹೇಳಿದೆನಾ ಅಂತ ನನಗೇ ಅನುಮಾನ. ಮನೆಗೆ ಹೋದ ಮೇಲೆ ಮಗಳು ಕೇಳಿದರೆ ಈ ಮಾತ್ರೆ ಯಾವಾಗ ತಗೋಬೇಕು ಅಂತ ಹೇಳ್ತೀರಿ?" ಹೀಗೆ ಕೇಳಿದರೆ ಪರೀಕ್ಷೆ ನನ್ನದು, ಅಜ್ಜಿಯದಲ್ಲ. ಅಜ್ಜಿ ಹೆಮ್ಮೆಯಿಂದ ಹೇಳುತ್ತಾರೆ. ತಪ್ಪಿದ್ದರೆ "ಅಯ್ಯೋ, ನಾನು ಅದನ್ನ ಸರಿಯಾಗಿ ಹೇಳಲೇ ಇಲ್ಲ ನೋಡಿ" ಅಂತ ಇನ್ನೊಂದು ಸಲ ಹೇಳುತ್ತೇನೆ. ಮರ್ಯಾದೆಗೆ ಏನೂ ಕಡಿಮೆ ಆಗಲ್ಲ. ಆಸ್ಪತ್ರೆ ಕೆಲಸದಲ್ಲಿ ಇದನ್ನು ಟೀಚ್ ಬ್ಯಾಕ್ ಅನ್ನುತ್ತಾರೆ, ಬೇರೆ ಬೇರೆ ದೇಶಗಳಲ್ಲಿ ಕಲಿಸುತ್ತಾರೆ. ಸಿಗ್ನಲ್ಸ್ ಅಣ್ಣ ಹೇಳಿದ್ದೂ ಇದೇ, ಕೇಳುವ ಧಾಟಿ ಮಾತ್ರ ಬೇರೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಂದು ಉದಾಹರಣೆ ನೋಡಿ. ಮಗುವಿಗೆ ಜ್ವರ. ಪ್ಯಾರಸಿಟಮಾಲ್ ಕೊಡುತ್ತಾರೆ. ಚಿಕ್ಕ ಬಾಟಲಿಯ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಪ್ಪಿನಲ್ಲಿ 5 ಎಂಎಲ್‌ಗೆ 120 ಅಥವಾ 125, ಕೆಲವದರಲ್ಲಿ 250. ಎರಡರ ಹೆಸರೂ ಒಂದೇ, ಡಬ್ಬಿಯ ಬಣ್ಣವೂ ಹೆಚ್ಚುಕಮ್ಮಿ ಒಂದೇ. "ಒಂದು ಚಮಚ ಹಾಕಿ" ಅಂತ ಹೇಳಿ ಕಳಿಸಿದರೆ ಯಾವ ಬಾಟಲಿ, ಯಾವ ಚಮಚ? ಮನೆಯಲ್ಲಿ ಟೀ ಚಮಚ ಇದೆ, ಊಟದ ಚಮಚ ಇದೆ, ಉಪ್ಪಿನಕಾಯಿ ಚಮಚವೂ ಇದೆ. ಅದಕ್ಕೇ ಅಳತೆ ಮುಚ್ಚಳ ಕೈಗೆ ಕೊಟ್ಟು, ಗೆರೆ ತೋರಿಸಿ, ಅದರಲ್ಲಿ ನೀರು ಹಾಕಿ ಅಮ್ಮನ ಕೈಯಲ್ಲೇ ಅಳೆಸುತ್ತೇನೆ. ಎಷ್ಟೋ ಸಲ ಮೊದಲ ಅಳತೆ ಗೆರೆಗಿಂತ ಮೇಲೆ ಹೋಗಿರುತ್ತದೆ. ಮನೆಯಲ್ಲಿ ಆಗಬಹುದಾಗಿದ್ದ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈ ಕಡೆಯಿಂದಲೂ ಒಂದು ಕೋರಿಕೆ. ಡಾಕ್ಟರ ಹತ್ತಿರ ಬಂದಾಗ ದೊಡ್ಡ ತೊಂದರೆ ಮೊದಲು ಹೇಳಿ. ಹತ್ತು ನಿಮಿಷ ಕಾಲುನೋವು ಹೇಳಿ, ಬಾಗಿಲ ಹತ್ತಿರ ಹೋದ ಮೇಲೆ ತಿರುಗಿ "ಆಗಾಗ ಎದೆ ಹಿಡಿದ ಹಾಗೆ ಆಗುತ್ತೆ ಡಾಕ್ಟ್ರೇ" ಅನ್ನುವವರು ತುಂಬಾ ಜನ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹಾಳೆ ತನ್ನಿ, "ಬಿಳಿ ಮಾತ್ರೆ, ದುಂಡಗಿದೆ" ಅಂದರೆ ನಮಗೆ ಏನೂ ಗೊತ್ತಾಗಲ್ಲ. ನಾಟಿ ಔಷಧಿ ಮಾಡಿದ್ದರೆ ಮುಚ್ಚಿಡಬೇಡಿ. ಯಾರೂ ಬೈಯುವುದಿಲ್ಲ. ಬೈದರೂ ಹೇಳಿ, ಅದು ನಿಮ್ಮ ಜೀವಕ್ಕೆ ಸಂಬಂಧಪಟ್ಟದ್ದು.

ಗದ್ದೆಬದು, ನಾಪೋಕ್ಲು

ಸಿಸ್ಟರ್, "ನಾನು ಸರಿಯಾಗಿ ಹೇಳಿದೆನಾ" ಅನ್ನೋದು ಹಿಡಿಸಿತು. ಇದನ್ನ ಮಾವನ ಹತ್ತಿರ ಉಪಯೋಗಿಸಬಹುದು. ಥ್ಯಾಂಕ್ಸ್.

ಚೆಕ್‌ರೋಲ್, ಪಾಲಿಬೆಟ್ಟ

ನಾನು ತೋಟದಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು. ನಮ್ಮಲ್ಲಿ ಬೆಳಿಗ್ಗೆ ಹಾಜರಿ ಹಾಕುವಾಗ ಬಂದು ನೋಡಿ. ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ಯರವರ ಮಾತು, ಕುರುಬರ ಮಾತು. ಈಗ ಅಸ್ಸಾಂ, ಬಂಗಾಳದಿಂದ ಬಂದವರೂ ಇದ್ದಾರೆ, ಅವರ ಜೊತೆ ಹರಕುಮುರುಕು ಹಿಂದಿ. ಇಷ್ಟು ಜನಕ್ಕೆ ಒಂದೇ ಮಾತು ಹೇಳಿ ಒಂದೇ ಕೆಲಸ ತೆಗೆಯಬೇಕು.

ಮೇಲೆ ಸಿಸ್ಟರ್ ಹೇಳಿದ "ಹ್ಞೂಂ" ಇದೆಯಲ್ಲ, ಅದು ತೋಟದಲ್ಲಿ ಇನ್ನೂ ಜಾಸ್ತಿ. ಕೂಲಿ ಹೋದೀತು ಅನ್ನುವ ಭಯ. ಹೊಸಬರನ್ನು ಚಿಗುರು ತೆಗೆಯಲು ಹಾಕಿ "ಗಿಡ ಕ್ಲೀನ್ ಮಾಡಿ" ಅಂದು ಹೊರಟುಹೋದರೆ ಏನಾಗುತ್ತೆ ಗೊತ್ತಾ? ಕಾಫಿ ಗಿಡದಲ್ಲಿ ಬೊಡ್ಡೆಯಿಂದ ನೆಟ್ಟಗೆ ಮೇಲಕ್ಕೆ ಹೋಗುವುದು ಕಳ್ಳ ಚಿಗುರು, ಅದನ್ನು ತೆಗೆಯಬೇಕು. ಅಡ್ಡಕ್ಕೆ ಹೋಗುವ ರೆಕ್ಕೆಯಲ್ಲೇ ಫಸಲು, ಅದು ಉಳಿಯಬೇಕು. ನೆತ್ತಿಯ ಹತ್ತಿರ ಸುತ್ತ ಅರ್ಧ ಅಡಿಯಷ್ಟು ಬಿಡಿಸಬೇಕು, ಬೆಳಕು ಗಾಳಿ ಒಳಗೆ ಹೋಗಬೇಕು. ಇದು ಗೊತ್ತಿಲ್ಲದವರಿಗೆ "ಕ್ಲೀನ್" ಅಂದರೆ ಕೈಗೆ ಸಿಕ್ಕಿದ್ದೆಲ್ಲ ಕಡಿಯುವುದು. ಒಂದು ತೋಟದಲ್ಲಿ ಒಂದು ಸಾಲು ಪೂರ್ತಿ ಹಾಗೆ ಬೋಳಾಗಿದ್ದನ್ನು ನೋಡಿದ್ದೇನೆ. ಮುಂದಿನ ವರ್ಷದ ಫಸಲು ಕಡಿದು ಕೆಳಗೆ ಬಿದ್ದಿತ್ತು. ಅಲ್ಲಿ ಬೈಗುಳ ತಿಂದವರು ಆ ಹುಡುಗರು. ಅವರಿಗೆ ಹೇಳಿಕೊಡದೆ ಹೋದವರನ್ನು ಯಾರೂ ಕೇಳಲಿಲ್ಲ.

ನಾವು ಮಾಡುವುದು: ಒಂದು ಗಿಡ ನಾನೇ ಪೂರ್ತಿ ಮಾಡುತ್ತೇನೆ, ಬಾಯಿ ಜಾಸ್ತಿ ಆಡದೆ. ಎರಡನೇ ಗಿಡದಲ್ಲಿ ಕತ್ತಿ ಅವರ ಕೈಗೆ ಕೊಡುವುದಿಲ್ಲ. "ಇದರಲ್ಲಿ ಯಾವುದು ಹೋಗುತ್ತೆ, ಬೆರಳಿಟ್ಟು ತೋರಿಸು" ಅನ್ನುತ್ತೇನೆ. ತೋರಿಸುತ್ತಾರೆ. ಆಗ ಅವರ ತಲೆಯಲ್ಲಿ ಏನು ಕೂತಿದೆ ಅಂತ ಕಣ್ಣಿಗೆ ಕಾಣುತ್ತೆ. ಮೂರನೇ ಗಿಡ ಅವರು ಮಾಡುತ್ತಾರೆ, ನಾನು ನಿಂತು ನೋಡುತ್ತೇನೆ. ಆಮೇಲೆ ಬಿಟ್ಟುಬಿಡುತ್ತೇನೆ. ಭಾಷೆ ಬರದಿದ್ದರೂ ಬೆರಳು ಸುಳ್ಳು ಹೇಳಲ್ಲ.

ಇನ್ನೊಂದು, ತೂಕದ ಹೊತ್ತು. ಕುಯ್ಲಿನಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆ ತೂಕ ಹಾಕುವಾಗ ಆಗುವಷ್ಟು ಜಗಳ ಬೇರೆ ಯಾವಾಗಲೂ ಆಗಲ್ಲ. ಚೀಲಕ್ಕೆ ಎಷ್ಟು ಕಳೆಯುತ್ತೇವೆ, ಎಲೆ ಕಡ್ಡಿ ಇದ್ದರೆ ಏನು ಮಾಡುತ್ತೇವೆ ಅಂತ ಕುಯ್ಲು ಶುರುವಾಗುವ ಮೊದಲೇ ಎಲ್ಲರ ಮುಂದೆ ಹೇಳಬೇಕು. ತಕ್ಕಡಿ ಅವರಿಗೆ ಕಾಣುವ ಹಾಗೆ ಇಡಬೇಕು. ತೂಕವನ್ನು ಗಟ್ಟಿಯಾಗಿ ಓದಿ, ನಮ್ಮ ಪುಸ್ತಕದಲ್ಲೂ ಅವರ ಚಿಕ್ಕ ಪುಸ್ತಕದಲ್ಲೂ ಅಲ್ಲೇ ಬರೆಯಬೇಕು. ಶನಿವಾರ ಬಟವಾಡೆಯಲ್ಲಿ ಹೇಳಿದರೆ ಅದು ಮೋಸದ ಹಾಗೆ ಕೇಳುತ್ತದೆ, ಲೆಕ್ಕ ಸರಿ ಇದ್ದರೂ.

ಕಾಫಿಹೂ ಅಕ್ಕ, ನಿಮ್ಮ ಪಕ್ಕದ ತೋಟದ ವಿಷಯ. "ಕೆಳಗೆ ಬೇಡ" ಅನ್ನುವ ಬದಲು "ನಾಳೆ ಮೇಲಿನ ಬ್ಲಾಕಿನಲ್ಲಿ ಕುಯ್ಲು, ಕೆಳಗಿನದು ನಾಡಿದ್ದು" ಅಂದಿದ್ದರೆ ಮುಗೀತಿತ್ತು. ಬೇಡ ಅನ್ನುವುದನ್ನು ಮಾತ್ರ ಹೇಳಿದರೆ ಏನು ಬೇಕು ಅನ್ನುವುದನ್ನು ಕೇಳಿದವರೇ ಊಹೆ ಮಾಡಬೇಕಾಗುತ್ತೆ.

ಎರಡೆಕರೆ, ಶನಿವಾರಸಂತೆ

ಸಣ್ಣ ಬೆಳೆಗಾರರಿಗೂ ಇದು ಬೇಕು. ವ್ಯಾಪಾರಿ ಫೋನಿನಲ್ಲಿ "ಚೀಲಕ್ಕೆ ಇಷ್ಟು" ಅಂತಾರೆ. ನಾವು ಖುಷಿಯಲ್ಲಿ ಲೋಡ್ ಮಾಡಿಬಿಡ್ತೀವಿ. ಅಲ್ಲಿ ಹೋದ ಮೇಲೆ ಔಟ್ ಟರ್ನ್ ಕಮ್ಮಿ, ತೇವ ಜಾಸ್ತಿ ಅಂತ ಕಡಿತ. ಔಟ್ ಟರ್ನ್ ಅಂದ್ರೆ 50 ಕಿಲೋ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲದಲ್ಲಿ ಎಷ್ಟು ಕಿಲೋ ಬೇಳೆ ಬರುತ್ತೆ ಅನ್ನೋ ಲೆಕ್ಕ, ಗೊತ್ತಿಲ್ಲದವರಿಗೆ ಹೇಳ್ತಿದೀನಿ. ಅದಕ್ಕೆ ಫೋನಿನಲ್ಲೇ ಕೇಳಿ: ಈ ರೇಟು ಎಷ್ಟು ಔಟ್ ಟರ್ನ್‌ಗೆ, ತೇವ ಎಷ್ಟರವರೆಗೆ ಒಪ್ತೀರಿ, ದುಡ್ಡು ಯಾವತ್ತು. ಆಮೇಲೆ ಅದನ್ನೇ ಮೆಸೇಜ್‌ನಲ್ಲಿ ಹಾಕಿ "ಹೀಗೇ ಅಲ್ವಾ?" ಅಂತ ಕೇಳಿ. ಅವರು ಹೌದು ಅಂದ ಮೇಲೇ ಚೀಲ ಎತ್ತಿ.

ಜೀಪ್ ಸ್ಟ್ಯಾಂಡ್, ಮಾದಾಪುರ

ನಾನು ಜೀಪ್ ಓಡಿಸ್ತೀನಿ. ರಾತ್ರಿ ಹೊತ್ತು ಆಸ್ಪತ್ರೆಗೆ ಅಂತ ಕರೆಯುವವರು ದಾರಿ ಹೇಳುವ ರೀತಿ ಬಗ್ಗೆ ಬರೀತೀನಿ. "ಸ್ಕೂಲ್ ದಾಟಿ ಎಡಕ್ಕೆ ಬನ್ನಿ" ಅಂತಾರೆ. ಯಾವ ಕಡೆಯಿಂದ ಬರುವವರಿಗೆ ಎಡ? ಸೋಮವಾರಪೇಟೆ ಕಡೆಯಿಂದ ಬಂದರೆ ಎಡ, ಮಡಿಕೇರಿ ಕಡೆಯಿಂದ ಬಂದರೆ ಅದೇ ಬಲ. ಲೊಕೇಶನ್ ಕಳಿಸ್ತೀವಿ ಅಂತಾರೆ, ನಮ್ಮ ಕಡೆ ಡೇಟಾ ಎಲ್ಲಿ ಬರುತ್ತೆ? ಮಾಮೂಲಿ ಎಸ್ಸೆಮ್ಮೆಸ್ ಎಷ್ಟೋ ಸಲ ಹೋಗುತ್ತೆ, ಕರೆ ಹೋಗದ ಜಾಗದಲ್ಲೂ.

108ಕ್ಕೋ 112ಕ್ಕೋ ಕರೆ ಮಾಡಿದಾಗ ಮೊದಲು ಜಾಗ ಹೇಳಿ. ಕರೆ ಮಧ್ಯದಲ್ಲೇ ಕಟ್ಟಾದರೂ ಗಾಡಿ ಹೊರಡುತ್ತೆ. ತಾಲ್ಲೂಕು, ಊರು, ಹತ್ತಿರದ ದೊಡ್ಡ ಗುರುತು, ಯಾವ ಕಡೆಯಿಂದ ಬಂದರೆ ಯಾವ ತಿರುವು. ಆಮೇಲೆ ಏನಾಗಿದೆ, ಎಷ್ಟು ಜನಕ್ಕೆ. ಅವರು ಸಾಕು ಅನ್ನುವವರೆಗೂ ಫೋನ್ ಇಡಬೇಡಿ. ಒಬ್ಬರನ್ನು ಟಾರ್ಚ್ ಹಿಡಿದು ಮೇನ್ ರೋಡಿಗೆ ಕಳಿಸಿ. ಇದನ್ನೆಲ್ಲ ಗಾಬರಿಯಲ್ಲಿ ಯಾರಿಗೂ ನೆನಪಾಗಲ್ಲ. ಅದಕ್ಕೆ ನಮ್ಮ ಮನೆ ದಾರಿಯನ್ನ ಒಂದು ಕಾಗದದಲ್ಲಿ ಬರೆದು ಫೋನಿನ ಹತ್ತಿರ ಗೋಡೆಗೆ ಅಂಟಿಸಿದೀವಿ. ನಾನಿಲ್ಲದಾಗ ಮಗಳು ಅದನ್ನ ನೋಡಿ ಓದಿದರೆ ಸಾಕು.

ಮಳೆಲೆಕ್ಕ, ಮಡಿಕೇರಿ

ಜೀಪ್ ಅಣ್ಣನ ಮಾತಿಗೆ ಸೇರಿಸುತ್ತೇನೆ. 2018ರ ಆಗಸ್ಟ್ ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದ ದಿನಗಳು. ಆಗ ನಮಗೆ ಬರುತ್ತಿದ್ದ ಮೆಸೇಜ್‌ಗಳಲ್ಲಿ ದಿನಾಂಕ ಇಲ್ಲ, ಹೊತ್ತು ಇಲ್ಲ, ಯಾರು ನೋಡಿದ್ದು ಅಂತ ಇಲ್ಲ. "ರೋಡ್ ಬಂದ್, ಯಾರೂ ಬರಬೇಡಿ" ಅಂತ ಬೆಳಿಗ್ಗೆ ಯಾರೋ ಬರೆದದ್ದು ಎರಡು ದಿನ ಬಿಟ್ಟು ಮತ್ತೆ ಹೊಸದಾಗಿ ಬರುತ್ತಿತ್ತು. ಜನ ತೆರೆದಿದ್ದ ದಾರಿ ಬಿಟ್ಟು ಸುತ್ತು ದಾರಿ ಹಿಡಿಯುತ್ತಿದ್ದರು. ಆಪತ್ತಿನಲ್ಲಿ ಸುಳ್ಳು ಸುದ್ದಿಯಷ್ಟೇ ಕೆಟ್ಟದ್ದು ಹಳಸಿದ ಸುದ್ದಿ.

ಹಾಗಾಗಿ ಏನೇ ಹಾಕಿದರೂ ದಿನ, ಹೊತ್ತು, ಜಾಗ, ನಾನೇ ನೋಡಿದೆನೋ ಬೇರೆಯವರು ಹೇಳಿದ್ದೋ, ಇಷ್ಟು ಇರಲಿ. ಗೊತ್ತಿಲ್ಲದಿದ್ದರೆ ಮುಂದಕ್ಕೆ ಕಳಿಸುವ ಬದಲು 1077ಕ್ಕೆ, ಅಂದರೆ ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮಿಗೆ, ಕರೆ ಮಾಡಿ ಕೇಳಿ.

ಇನ್ನೊಂದು ಮುಖ್ಯ ವಿಷಯ. ಹವಾಮಾನ ಇಲಾಖೆಯವರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. 24 ಗಂಟೆಯಲ್ಲಿ 64.5ರಿಂದ 115.5 ಮಿಮೀ ಬಂದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಹೋದರೆ ಅತ್ಯಂತ ಭಾರಿ. ಟಿವಿಯಲ್ಲಿ ಇದನ್ನು ಕೇಳಿ ನಮ್ಮ ತಂದೆ "ಹೂಂ" ಅಂತ ಚಾನೆಲ್ ಬದಲಾಯಿಸುತ್ತಿದ್ದರು. ನಮ್ಮಲ್ಲಿ ಎಲ್ಲ ಲೆಕ್ಕ ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲಿ ಒಂದು ಪಾಲು) ಅಲ್ವಾ? ತೋಟದವರು ಇಬ್ಬರು ಸಿಕ್ಕಿದರೆ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ಒಂದು ದಿನ ನಾನು "ಅಪ್ಪ, 204 ಮಿಲಿಮೀಟರ್ ಅಂದ್ರೆ 8 ಇಂಚು, ಒಂದೇ ದಿನಕ್ಕೆ" ಅಂದೆ. ಎದ್ದು ಕೂತರು. ಆಮೇಲೆ ಹಿಂದಿನ ಇಳಿಜಾರಿನಲ್ಲಿರುವ ಲೈನ್ ಮನೆಯವರನ್ನು, ಅಂದರೆ ತೋಟದ ಕೆಲಸದವರನ್ನು, ಇಲ್ಲಿಗೆ ಕರೆತರಬೇಕಾ ಅಂತ ಅವರೇ ಕೇಳಿದರು. ಅಂಕಿ ಅದೇ, ಅಳತೆ ಮಾತ್ರ ಅವರಿಗೆ ಗೊತ್ತಿರುವುದು. ಎಚ್ಚರಿಕೆ ಕೊಡುವವರು ಕೊಡಗಿಗೆ ಇಂಚಿನಲ್ಲೂ ಹೇಳಲಿ ಅಂತ ನನ್ನ ಕಳಕಳಿಯ ಮನವಿ. ಅದುವರೆಗೆ ನಾವೇ ಮನೆಯ ಹಿರಿಯರಿಗೆ ಲೆಕ್ಕ ಮಾಡಿ ಹೇಳೋಣ. 25 ಮಿಮೀ ಅಂದರೆ ಹೆಚ್ಚುಕಮ್ಮಿ ಒಂದು ಇಂಚು.

ಆನೆದಾರಿ, ತಿತಿಮತಿ

ಮೇಲಿನ ದಿನ, ಹೊತ್ತು, ಜಾಗ ಅನ್ನೋದು ಆನೆ ಮೆಸೇಜಿಗೂ ಹಾಕಿ ದಯವಿಟ್ಟು. ಬರೀ "ಆನೆ ಇದೆ ಹುಷಾರ್" ಅಂದ್ರೆ ಎಲ್ಲಿ ಹುಷಾರು? ಎಷ್ಟು ಗಂಟೆಗೆ ನೋಡಿದ್ದು, ಯಾವ ಗೇಟಿನ ಹತ್ತಿರ, ಒಂಟಿಯೋ ಹಿಂಡೋ, ಮರಿ ಇದೆಯಾ, ಯಾವ ಕಡೆಗೆ ಹೋಯ್ತು. ಬೆಳಿಗ್ಗೆ ಕೆಲಸಕ್ಕೆ ನಡೆದು ಬರುವವರು, ಶಾಲೆಗೆ ಹೋಗುವ ಮಕ್ಕಳು ಇದನ್ನೇ ನಂಬಿಕೊಂಡಿರ್ತಾರೆ. ಆನೆ ದಾಟಿ ಹೋದ ಮೇಲೆ "ದಾಟಿತು" ಅಂತಲೂ ಹಾಕಿ. ಅದನ್ನ ಯಾರೂ ಹಾಕಲ್ಲ.

ಕಪ್ಪುಹಲಗೆ, ಪೊನ್ನಂಪೇಟೆ

ಶಾಲೆಯ ಮಾತು ಬಂದದ್ದಕ್ಕೆ ನಾನೂ ಸ್ವಲ್ಪ. ಒಂದನೇ ಕ್ಲಾಸಿಗೆ ಬರುವ ಎಷ್ಟೋ ಮಕ್ಕಳ ಮನೆಮಾತು ಕನ್ನಡ ಅಲ್ಲ. ಪ್ರಶ್ನೆ ಕೇಳಿದರೆ ಸುಮ್ಮನೆ ನಿಲ್ಲುತ್ತಾರೆ. ದಡ್ಡ ಅಂತ ಹಣೆಪಟ್ಟಿ ಅಂಟಿಸಿಬಿಡುತ್ತೇವೆ. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ತರಗತಿಗಳನ್ನು ರೆಕಾರ್ಡ್ ಮಾಡಿ ನೋಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಮಗು ಮನೆಮಾತಿನಲ್ಲಿ ಯೋಚಿಸಿ ಕನ್ನಡಕ್ಕೆ ತರಬೇಕಾದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ನಾನು ಪ್ರಶ್ನೆ ಕೇಳಿ ಬೆನ್ನ ಹಿಂದೆ ಬೆರಳು ಮಡಚುತ್ತಾ ಐದರವರೆಗೆ ಎಣಿಸುತ್ತೇನೆ. ಕಾಯುವುದು ಕಷ್ಟ, ಬಾಯಿ ತುರಿಸುತ್ತೆ, ಆದರೂ ಕಾಯಬೇಕು. ಮನೆಯಲ್ಲಿ ಮಕ್ಕಳ ಹತ್ತಿರವೂ ಮಾಡಿ ನೋಡಿ.

ದೂರದ ಮಗ, ಊರು ಅಮ್ಮತ್ತಿ

ನಾನು ಬೆಂಗಳೂರಿನಲ್ಲಿದ್ದೇನೆ. ಇಲ್ಲಿರುವ ಎಷ್ಟೋ ಜನ ಭಾನುವಾರ ಊರಿಗೆ ಕರೆ ಮಾಡುತ್ತಾರೆ. "ಹೇಗಿದ್ದೀರಿ?" "ಚೆನ್ನಾಗಿದ್ದೀವಿ." "ಊಟ ಆಯ್ತಾ?" "ಆಯ್ತು." ಮುಗೀತು. ಅಪ್ಪ ಅಮ್ಮ ತೊಂದರೆ ಇದೆ ಅಂತ ಹೇಳುವವರೇ ಅಲ್ಲ, ಮಕ್ಕಳಿಗೆ ಯಾಕೆ ಚಿಂತೆ ಅಂತ. ನಾನು ಕೇಳುವ ಪ್ರಶ್ನೆಯನ್ನೇ ಬದಲಾಯಿಸಿಕೊಂಡೆ. "ಕಣದಲ್ಲಿ ಕಾಫಿ ಎಷ್ಟು ಒಣಗಿದೆ, ಯಾರು ಕೈಯಾಡಿಸ್ತಿದ್ದಾರೆ?" ಅಂತ ಕೇಳಿದೆ. ಆಗ ಗೊತ್ತಾಯಿತು ಅಪ್ಪನಿಗೆ ಭುಜ ನೋವು, ಕೈ ಎತ್ತೋಕೆ ಆಗ್ತಿಲ್ಲ, ಅಮ್ಮ ಒಬ್ಬರೇ ಕಾಫಿ ಎಳೀತಿದ್ದಾರೆ ಅಂತ. "ಹೇಗಿದ್ದೀರಿ" ಅಂತ ಕೇಳಿದ್ದರೆ ಇದು ವರ್ಷಕ್ಕೂ ಹೊರಗೆ ಬರುತ್ತಿರಲಿಲ್ಲ.

ಐನ್‌ಮನೆ, ಕಕ್ಕಬ್ಬೆ ಕಡೆ

ಅಮ್ಮತ್ತಿ ತಮ್ಮ ಬರೆದದ್ದು ಓದಿ ಮನಸ್ಸಿಗೆ ತಟ್ಟಿತು. ನಾನು ಇನ್ನೊಂದು ಕಷ್ಟದ ವಿಷಯ ಹೇಳುತ್ತೇನೆ, ಆಸ್ತಿ ಪಾಲು. ನಮ್ಮ ಕಡೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆ ಎಷ್ಟಿದೆ ನೋಡಿ. ಜಗಳಕ್ಕೆ ಕಾರಣ ಜಾಗ ಅನ್ನುತ್ತಾರೆ. ನಾನು ಹತ್ತಿರದಿಂದ ನೋಡಿದ ಹಾಗೆ ಅರ್ಧ ಜಗಳ ಜಾಗದ್ದಲ್ಲ, ನಡುವಿನ ಜನರದ್ದು. ಅಣ್ಣ ಹೇಳಿದ್ದನ್ನು ಚಿಕ್ಕಮ್ಮ ತಮ್ಮನಿಗೆ ಹೇಳುತ್ತಾರೆ, ತಮ್ಮ ಅಂದದ್ದನ್ನು ಭಾವ ಬಂದು ಅಣ್ಣನಿಗೆ ಹೇಳುತ್ತಾರೆ. ಪ್ರತಿ ಬಾಯಿಗೂ ಸ್ವಲ್ಪ ಉಪ್ಪು ಖಾರ ಸೇರುತ್ತದೆ. ಕಡೆಗೆ ಅಣ್ಣ ಸಿಟ್ಟಾಗುವುದು ತಮ್ಮ ಹೇಳಿಯೇ ಇಲ್ಲದ ಮಾತಿಗೆ.

ನಮ್ಮ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಈಗ ಪಟ್ಟೆದಾರರು (ಒಕ್ಕದ ಹಿರಿಯರು) ಒಂದು ಪದ್ಧತಿ ತಂದಿದ್ದಾರೆ. ಪಾಲಿನ ಮಾತು, ಐನ್‌ಮನೆ (ಒಕ್ಕದ ಮೂಲ ಮನೆ) ರಿಪೇರಿ ಖರ್ಚಿನ ಮಾತು ಬಂದರೆ ಎಲ್ಲರೂ ಒಟ್ಟಿಗೆ ಕೂರಬೇಕು. ಬೇರೆಯವರು ಹೀಗಂದರು ಅಂತ ತಂದ ಮಾತನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಅಂದವರೇ ಅಲ್ಲಿ ಇದ್ದರೆ ಅವರೇ ಹೇಳಲಿ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ. ಮತ್ತೆ, ಉತ್ತರ ಕೊಡುವ ಮೊದಲು "ನೀವು ಹೇಳಿದ್ದು ಹೀಗೆ, ಅಲ್ವಾ?" ಅಂತ ಹೇಳಬೇಕು. ಅದೇ ಸಿಗ್ನಲ್ಸ್ ಅಣ್ಣನ ವಿದ್ಯೆ. ಇದೇ ಎಲ್ಲಕ್ಕಿಂತ ಕಷ್ಟ, ಸಿಟ್ಟಿನಲ್ಲಿ ಎದುರಿನವರ ಮಾತನ್ನು ನಮ್ಮ ಬಾಯಲ್ಲಿ ಆಡುವುದು. ಆದರೆ ಆಡಿದ ಮೇಲೆ ಧ್ವನಿ ತಾನಾಗೇ ಇಳಿಯುತ್ತದೆ. "ತಮ್ಮ, ನಿನಗೆ ರಸ್ತೆ ಕಡೆಯ ಜಾಗ ಬೇಕು ಅಂತಲ್ಲ, ಗಾಡಿ ಬರೋಕೆ ದಾರಿ ಬೇಕು ಅಂತ, ಹೌದಾ?" ಅಂತ ಒಬ್ಬ ಅಣ್ಣ ಕೇಳಿದ್ದನ್ನು ನಾನೇ ಕೇಳಿದ್ದೇನೆ. ದಾರಿ ಕೊಡುವುದು ಅವರಿಗೆ ಕಷ್ಟದ ವಿಷಯವೇ ಆಗಿರಲಿಲ್ಲ. ಆ ಮಾತು ಮುಗಿಯುವ ಮೊದಲು ಒಪ್ಪಿಕೊಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದು ಗಟ್ಟಿಯಾಗಿ ಓದಿದರು, ಎಲ್ಲರೂ ಸಹಿ ಹಾಕಿದರು. ಕಾನೂನು ಪತ್ರ ಆಮೇಲೆ ಆಗುತ್ತದೆ, ಅದು ಬೇರೆ.

ಹಳೇ ಸಿಗ್ನಲ್ಸ್, ವಿರಾಜಪೇಟೆ

ಇದನ್ನು ಓದಿ ತುಂಬಾ ಸಂತೋಷ ಆಯಿತು. ರೇಡಿಯೋ ಮುಂದೆ ಕಲಿತದ್ದು ಒಕ್ಕದ ಜಗುಲಿಯಲ್ಲೂ ನಡೆಯುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ನಮ್ಮ ಪಟ್ಟೆದಾರರಿಗೂ ತೋರಿಸುತ್ತೇನೆ.

ಕಾಫಿಹೂ, ಸಿದ್ದಾಪುರ

ಎಲ್ಲರಿಗೂ ಮನಸಾರೆ ಧನ್ಯವಾದ. ರೈಟರಣ್ಣ ಹೇಳಿದ ಹಾಗೆ ಏನು ಬೇಡ ಅನ್ನುವ ಬದಲು ಏನು ಬೇಕು ಅಂತ ಬರೆಯುವುದನ್ನು ನಮ್ಮ ತೋಟದ ಗುಂಪಿನಲ್ಲಿ ಶುರು ಮಾಡಿದ್ದೇವೆ. ಪಕ್ಕದ ಯಜಮಾನರಿಗೂ ಮೇಸ್ತ್ರಿಗೂ ಇದನ್ನು ಓದಿ ಹೇಳಬೇಕು ಅಂತಿದ್ದೇನೆ, ಇಬ್ಬರನ್ನೂ ಒಟ್ಟಿಗೆ ಕೂರಿಸಿ. ನಡುವಿನ ಬಾಯಿ ಆಗೋದು ನನಗೂ ಬೇಡ.

ಒಂದು ಅನುಮಾನ ಉಳಿದಿದೆ. ನಮ್ಮ ಲೈನ್ ಮನೆಗಳಲ್ಲಿ ಓದಲು ಬಾರದವರು ಇದ್ದಾರೆ. ಅವರಿಗೆ ಮೆಸೇಜ್ ಹೇಗೆ?

ಚೆಕ್‌ರೋಲ್, ಪಾಲಿಬೆಟ್ಟ

ಅಕ್ಕ, ಅವರಿಗೆ ಮಾತಾಡಿ ಕಳಿಸಿ, ವಾಯ್ಸ್ ಮೆಸೇಜ್. ಆದರೆ ಚಿಕ್ಕದಾಗಿರಲಿ. ಮೂರು ನಿಮಿಷದ ಮೆಸೇಜ್ ಯಾರೂ ಪೂರ್ತಿ ಕೇಳಲ್ಲ. ಒಂದು ಮೆಸೇಜಿನಲ್ಲಿ ಒಂದೇ ವಿಷಯ. ಮೊದಲು ದಿನ ಹೇಳಿ, "ನಾಳೆ" ಅಂತಲ್ಲ, "ಮಂಗಳವಾರ" ಅಂತ. ರಾತ್ರಿ ಕಳಿಸಿದ್ದನ್ನು ಅವರು ಬೆಳಿಗ್ಗೆ ಕೇಳಿದರೆ ನಾಳೆ ಅನ್ನುವುದು ಬುಧವಾರ ಆಗಿಬಿಡುತ್ತೆ. ಆಮೇಲೆ ಎಲ್ಲಿ, ಏನು ಕೆಲಸ. ಕಡೆಗೆ "ಎಲ್ಲಿಗೆ ಬರ್ತೀರಿ ಅಂತ ನೀವೂ ಮಾತಾಡಿ ಕಳಿಸಿ" ಅನ್ನಿ. ಬೆರಳೆತ್ತಿದ ಚಿತ್ರ ಬಂದರೆ ಅದನ್ನ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಅದೂ ಒಂದು "ಹ್ಞೂಂ" ಅಷ್ಟೇ. ಲೈನಿಗೆ ಒಬ್ಬರ ಹತ್ತಿರ ಮಾತ್ರ ಫೋನ್ ಇದ್ದರೆ ಅವರ ಜೊತೆ ಮೊದಲೇ ಮಾತಾಡಿ, ಉಳಿದವರಿಗೆ ಕೇಳಿಸುವುದು ಅವರ ಕೆಲಸ ಅಂತ ಒಪ್ಪಿಸಿ. ಸಾಧ್ಯವಾದರೆ ಅದಕ್ಕೆ ರೀಚಾರ್ಜ್ ನೀವೇ ಹಾಕಿಸಿ.